ದಾರಿ ಮುಚ್ಚಿದೆ, ದುರ್ಬೀನು ತೆರೆದಿದೆ

ಹಕ್ಕಿಯೊಂದು ಗೂಡು ಕಟ್ಟಿತೆಂದು ಬೆಟ್ಟದ ದಾರಿಯನ್ನೇ ಮುಚ್ಚಿದರೆ ನೀವು ಒಪ್ಪುವಿರಾ? ಅಮೆರಿಕದ ಮೇನ್ ರಾಜ್ಯದಲ್ಲಿ ಅಕೇಡಿಯ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಪ್ರೆಸಿಪಿಸ್ ಎಂಬ ಕಡಿದಾದ ಬಂಡೆಯ ದಾರಿ ಸಾಮಾನ್ಯವಾಗಿ ಮಾರ್ಚ್‌ನಿಂದ ಆಗಸ್ಟ್ ಮಧ್ಯದವರೆಗೆ ಪೆರೆಗ್ರಿನ್ ಗಿಡುಗಗಳಿಗೆ ಮೀಸಲು. ಗೂಡು ಎಂದೆನಲ್ಲ, ಅದು ಮಾತಿಗಷ್ಟೆ. ಈ ಹಕ್ಕಿ ಕಡ್ಡಿ ಪೇರಿಸುವುದಿಲ್ಲ. ಬಂಡೆಯ ಚಾಚಿನ ಮೇಲೆ ಮಣ್ಣು ಕೆರೆದು ಮೊಟ್ಟೆಯಿಡುತ್ತದೆ. ಜನ ಹತ್ತಿರ ಬಂದರೆ ಗಾಬರಿಯಿಂದ ಏಳುತ್ತದೆ, ಮೊಟ್ಟೆ ತಣ್ಣಗಾಗುತ್ತದೆ.

ಡಿ.ಡಿ.ಟಿ. ಹಾವಳಿಯ ದಿನಗಳಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1960ರ ದಶಕದಲ್ಲಿ ಪೂರ್ವ ಅಮೆರಿಕದಲ್ಲಿ ಈ ಹಕ್ಕಿಯ ಸಂತಾನವೇ ನಿಂತಿತು. 1972ರಲ್ಲಿ ಆ ದೇಶ ಡಿ.ಡಿ.ಟಿ.ಯ ಬಹುತೇಕ ಬಳಕೆಯನ್ನು ನಿಷೇಧಿಸಿತು. 1984ರಿಂದ 1986ರವರೆಗೆ ಅಕೇಡಿಯದಲ್ಲಿ 22 ಮರಿಗಳನ್ನು ಬಿಟ್ಟರು. 1991ರಲ್ಲಿ ಪ್ರೆಸಿಪಿಸ್ ಬಂಡೆಯಲ್ಲಿ ಮತ್ತೆ ಮರಿಗಳಾದವು.

ಇಷ್ಟು ಶ್ರಮಪಟ್ಟವರು ‘ಪ್ರವೇಶವಿಲ್ಲ’ ಎಂಬ ಫಲಕ ನೆಟ್ಟು ಸುಮ್ಮನಾಗಲಿಲ್ಲ. ಬಂಡೆಯ ಬುಡದಲ್ಲಿ, ವಾಹನ ನಿಲ್ಲಿಸುವಲ್ಲೇ, ರೇಂಜರುಗಳೂ ಸ್ವಯಂಸೇವಕರೂ ದುರ್ಬೀನು ಹೂಡಿ ಬಂದವರಿಗೆ ಮರಿಗಳನ್ನು ತೋರಿಸುತ್ತಾರೆ. ಕ್ಯಾಮರಾದೊಂದಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಚಟ ನಮ್ಮ ಕಸುಬಿನವರದು. ಈ ದೂರ ನನಗೂ ಪಾಠವೇ. ನಮ್ಮ ನಾಡಿನ ಶಾಹೀನ್ ಇದರದೇ ಒಳಜಾತಿ. ಅದೂ ಇಂಥ ಬಂಡೆಗಳಲ್ಲೇ ಮರಿ ಮಾಡುತ್ತದೆ.