ಅರ್ಬುದರೋಗವೂ ಆರೋಗ್ಯವಿಮೆಯೂ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದಂಥ ಮಂಗಳ ಪ್ರಸಂಗದಲ್ಲಿ ರೋಗದ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ನಾಡುನುಡಿಗಳನ್ನು ಕುರಿತು ಮಾತನಾಡಲು ನಮಗಿಂತ ಬಲ್ಲವರು ವೇದಿಕೆಯ ಮೇಲಿದ್ದಾರೆ. ನಾವು ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳುತ್ತೇವೆ; ಅದರಲ್ಲಿಯೂ ನುಡಿಯ ಮಾತು ಬಾರದೆ ಇರದು.

ನಮ್ಮ ಅತ್ತಿಗೆಯವರು, ಬೀದರದ ಮಾತಿನಲ್ಲಿ ವೈನಿ, ಎದೆಯಲ್ಲೊಂದು ಗಂಟು ಕಂಡು ಪರೀಕ್ಷೆಗೆಂದು ಇಲ್ಲಿಗೆ ಬಂದರು. ನಮ್ಮ ಹಿರಿಯರು ಏಡಿಹುಣ್ಣು ಎನ್ನುತ್ತಿದ್ದ ಕ್ಯಾನ್ಸರೇ ಅದೆಂದು ತಿಳಿಯಿತು. ಮಗನು ತೆಗೆಸಿದ್ದ ಆರೋಗ್ಯವಿಮೆಗೆ ಆಗ 20 ತಿಂಗಳು ತುಂಬಿದ್ದವು. ಆಸ್ಪತ್ರೆಯವರು ಒಪ್ಪಿಗೆ ಕೋರಿ ವಿಮೆಯ ಕಂಪನಿಗೆ ಕಾಗದ ಕಳುಹಿಸಿದರು. ಬಂದ ಉತ್ತರವಿಷ್ಟೆ: ರೋಗವು ವಿಮೆಗಿಂತ ಹಿಂದಿನದು, ಮುಚ್ಚಿಟ್ಟಿದ್ದೀರಿ, ಒಪ್ಪಿಗೆಯಿಲ್ಲ.

ನಮ್ಮಲ್ಲಿ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಎರಡು ದಿನ ಅಲೆದ ಮೇಲೆ ಕೇಸ್ ಷೀಟಿನ ನಕಲು ಕೈಗೆ ಬಂತು. ಮೊದಲ ಪುಟದಲ್ಲಿಯೇ, ಗಂಟು ಎರಡು ವರ್ಷದಿಂದ ಇದೆ ಎಂದು ಬರೆದಿತ್ತು! ವೈನಿ ಹೇಳಿದ್ದು "ಎರಡು ತಿಂಗಳಾತ್ರಿ" ಎಂದು. ಬರೆದುಕೊಂಡ ಎಳೆಯ ಡಾಕ್ಟರಿಗೆ ಕನ್ನಡ ಬಾರದು. ತೆಲುಗಿನಲ್ಲಿ 'ರೆಂಡು' ಉಂಟಾದ್ದರಿಂದ 'ಎರಡು' ತಿಳಿದಿರಬೇಕು. ತಿಂಗಳಿಗೆ ಅವರು 'ನೆಲ' ಎನ್ನುತ್ತಾರೆ. ನಮ್ಮ 'ತಿಂಗಳು' ಅವರ ಕಿವಿಗೆ ಏನಾಗಿ ಕೇಳಿಸಿತೋ! ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಬಾಗಿಲ ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ಆದರೆ ಆ ಒಂದು ಶಬ್ದಕ್ಕಾಗಿ ಚಿಕಿತ್ಸೆ 11 ದಿನ ನಿಂತಿತು. "ನನ್ನ ಸಲುವಾಗಿ ಹೊಲ ಮಾರಬ್ಯಾಡಪಾ, ಊರಿಗೆ ಕರಕೊಂಡು ಹೋಗು" ಎಂದು ವೈನಿ ಮಗನಿಗೆ ಹೇಳುತ್ತಿದ್ದುದನ್ನು ಪಕ್ಕದ ಕೋಣೆಯಿಂದ ನಾವು ಕೇಳಿದ್ದೇವೆ.

ಶಸ್ತ್ರವೈದ್ಯರನ್ನು ಕಂಡು, ಬರೆದದ್ದು ತಪ್ಪೆಂದು ಸಹಿ ಮೊಹರಿನೊಡನೆ ಪತ್ರ ಪಡೆದೆವು. ಬೀದರದ ಡಾಕ್ಟರು ಮೊದಲು ನೋಡಿದ ದಿನದ ಚೀಟಿ ಪುಣ್ಯಕ್ಕೆ ವೈನಿಯವರ ಸಂಚಿಯಲ್ಲಿಯೇ ಇತ್ತು. ಬಯಾಪ್ಸಿ ವರದಿಯೊಡನೆ ಇವೆಲ್ಲವನ್ನೂ ಕಂಪನಿಯ ದೂರು ಅಧಿಕಾರಿಗೆ ಕಳುಹಿಸಿದೆವು. ಹನ್ನೊಂದನೆಯ ದಿನ ಒಪ್ಪಿಗೆ ಬಂತು.

ಆ ಮೇಲೆ ತಿಳಿದುಕೊಂಡದ್ದು, ಮೊದಲೇ ತಿಳಿದಿದ್ದರೆ ಲೇಸಾಗುತ್ತಿತ್ತು. ವಿಮಾ ಕಂಪನಿಗಳನ್ನು ಅಂಕೆಯಲ್ಲಿಡುವ ಪ್ರಾಧಿಕಾರದ ಕೇಂದ್ರ ಕಛೇರಿ ಈ ಹೈದರಾಬಾದಿನಲ್ಲಿಯೇ ಇದೆ. ಅದರ 2024ನೆಯ ಮೇ 29ರ ಸುತ್ತೋಲೆಯಂತೆ, ಕ್ಯಾಷ್‌ಲೆಸ್ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಮನೆಗೆ ಕಳುಹಿಸುವಾಗಿನ ಕೊನೆಯ ಬಿಲ್ಲಿಗೆ ಮೂರು ಗಂಟೆಯೊಳಗೆ ತೀರ್ಮಾನ ಹೇಳತಕ್ಕದ್ದು. (ಇಲ್ಲವೆಂಬುದೂ ಒಂದು ತೀರ್ಮಾನವೆ ಎಂಬುದನ್ನು ನಾವು ಕಂಡಿದ್ದೇವೆ.) ಹಿಂದಿನ ರೋಗವೆಂದು ಕಾಯಿಸುವ ಅವಧಿ ಈಗ ಮೂರು ವರ್ಷಕ್ಕೆ ಮೀರಕೂಡದು, ವಿಮೆ ಐದು ವರ್ಷ ಎಡೆಬಿಡದೆ ನಡೆದಿದ್ದರೆ, ಮೋಸವನ್ನು ಸಿದ್ಧಪಡಿಸಿದ ಹೊರತು, ಮುಚ್ಚಿಟ್ಟಿರೆಂಬ ಆಕ್ಷೇಪಕ್ಕೆ ಎಡೆಯಿಲ್ಲ. ಕ್ಯಾಷ್‌ಲೆಸ್ ನಿರಾಕರಿಸಿದ ಮಾತ್ರಕ್ಕೆ ಹಣ ಮುಳುಗಿತೆಂದೂ ಅಲ್ಲ. ಕೈಯಿಂದ ಕೊಟ್ಟು, ರಸೀದಿಗಳೊಡನೆ ಮರಳಿ ಕೇಳಬಹುದು. ನಿರಾಕರಣೆಯನ್ನು ಕಾರಣಸಹಿತ ಬರಹದಲ್ಲಿಯೇ ಪಡೆಯಿರಿ, ಟೆಲಿಫೋನಿನ ಮಾತನ್ನು ನಂಬಿ ಕೂಡಬೇಡಿ. ದೂರಿಗೆ ಒಂದು ತಿಂಗಳಲ್ಲಿ ಸಮಾಧಾನ ದೊರೆಯದಿದ್ದರೆ ವಿಮಾ ಒಂಬುಡ್ಸ್‌ಮನ್ನರ ಕಛೇರಿಯೂ ಈ ಊರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು.

ವಿಮೆಯೇ ಇಲ್ಲದವರಿಗೆ ರೆಡ್ ಹಿಲ್ಸಿನ ಎಂ. ಎನ್. ಜೆ. ಸರಕಾರಿ ಆಸ್ಪತ್ರೆಯುಂಟು. ಅದು 1955ರಲ್ಲಿ ಆರಂಭವಾದಾಗ ಬೀದರ, ಗುಲಬರ್ಗಾ, ರಾಯಚೂರುಗಳು ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರಿನಿಂದ 10 ಲಕ್ಷ ರೂಪಾಯಿ. ಆದರೆ ಊರಿನ ರೇಷನ್ ಕಾರ್ಡು ಅದಕ್ಕೆ ನಡೆಯದು, ತೆಲಂಗಾಣದ್ದೇ ಬೇಕು.

ಕೊನೆಯದಾಗಿ ಸಂಘಕ್ಕೊಂದು ಬಿನ್ನಹ. ಊರಿನಿಂದ ಬರುವ ನಮ್ಮ ಅಕ್ಕ ಅಮ್ಮಂದಿರು ಡಾಕ್ಟರ ಮುಂದೆ ಮೊದಲ ಸಲ ಕೂಡುವಾಗ, ಕನ್ನಡ ತೆಲುಗು ಎರಡೂ ಬಲ್ಲ ಒಬ್ಬರು ಪಕ್ಕದಲ್ಲಿರಬೇಕು. ಬರೆದುದನ್ನು ಓದಿಸಿ ಕೇಳಬೇಕು. ಬಿಡುವುಳ್ಳ ನಿವೃತ್ತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾವು ನಮ್ಮ ಹೆಸರನ್ನು ಕಾರ್ಯದರ್ಶಿಗಳ ಪುಸ್ತಕದಲ್ಲಿ ಬರೆದು ಬಂದಿದ್ದೇವೆ. ಪುಸ್ತಕವು ಬಾಗಿಲ ಬಳಿಯ ಮೇಜಿನ ಮೇಲಿದೆ.