ಅರೆತಲೆನೋವಿಗೆ ಎಣ್ಣೆ ಮಾಲೀಷು: ನಂಬಬೇಕಾದದ್ದೆಷ್ಟು?

(ಆದವಾನಿಯಲ್ಲಿ ಕೂಲಿ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಹೋದ ಸಲ ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಓಣಿಯ ಅಕ್ಕ ಒಬ್ಬರು ತಿಂಗಳಿಗೆ ಮೂರು ನಾಲ್ಕು ದಿನ ಕೂಲಿ ಬಿಟ್ಟು, ಬಾಗಿಲು ಮುಚ್ಚಿ ಕತ್ತಲಲ್ಲಿ ಮಲಗುತ್ತಿದ್ದರು. ಮೇಸ್ತ್ರಿ ಅವರನ್ನು ಸೋಮಾರಿ ಎಂದ. ನಾನೂ ಹಾಗೆಯೇ ಎಣಿಸಿದ್ದೆ. ಅದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಆ ಅಕ್ಕ ಎರಡು ದಿನದ ಕೂಲಿ ಕೊಟ್ಟು ಸಂತೆಯಿಂದ ಒಂದು ಸಣ್ಣ ಸೀಸೆ ಪರಿಮಳದ ಎಣ್ಣೆ ತಂದರು. ಇದನ್ನು ತಿಕ್ಕಿದರೆ ಮಾತ್ರೆಯೂ ಬೇಡ, ಡಾಕ್ಟರೂ ಬೇಡ ಎಂದನಂತೆ ಮಾರಿದವನು. ಇದು ನಿಜವೇ?

ಮೊದಲು ರೋಗವನ್ನು ತಿಳಿಯೋಣ. ಅರೆತಲೆನೋವು, ಅಂದರೆ ಮೈಗ್ರೇನ್, ಸೋಮಾರಿತನವಲ್ಲ, ನರಗಳ ರೋಗ. ಹೆಚ್ಚಾಗಿ ತಲೆಯ ಒಂದು ಕಡೆ ಮಿಡಿಯುತ್ತದೆ, ವಾಂತಿ ಬರುತ್ತದೆ, ಬೆಳಕು ಸದ್ದು ಸಹಿಸಲಾಗುವುದಿಲ್ಲ. ಔಷಧಿ ಇಲ್ಲದಿದ್ದರೆ 4 ಗಂಟೆಯಿಂದ 72 ಗಂಟೆವರೆಗೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇತರರೊಡನೆ ಸೇರಿ ಕರ್ನಾಟಕದಲ್ಲಿ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ವರ್ಷದೊಳಗೆ ಮೈಗ್ರೇನ್ ಕಂಡವರು ನೂರಕ್ಕೆ 25 ಎಂದು 2015ರಲ್ಲಿ ಪ್ರಕಟಿಸಿದರು. ಹೆಂಗಸರಿಗೇ ಇದು ಹೆಚ್ಚು.

ಇನ್ನು ಎಣ್ಣೆಯ ಮಾತು. ಪರಿಮಳದ ಎಣ್ಣೆಯ ಚಿಕಿತ್ಸೆಗೆ ಅರೋಮಾಥೆರಪಿ ಎಂಬ ಹೆಸರನ್ನು ಪ್ರಚಾರಕ್ಕೆ ತಂದವನು ಫ್ರಾನ್ಸಿನ ರಸಾಯನ ತಜ್ಞ ಗಟ್ಟೆಫೋಸೆ. ಅವನ ಪುಸ್ತಕ 1937ರದು. ಇರಾನಿನ ವೈದ್ಯರು 47 ರೋಗಿಗಳಲ್ಲಿ ಕೆಲವರಿಗೆ ಲ್ಯಾವೆಂಡರ್ ಎಣ್ಣೆಯನ್ನು 15 ನಿಮಿಷ ಮೂಸಿಸಿದರು. ಮೂಸದವರಿಗಿಂತ ಅವರಿಗೆ ನೋವು ಹೆಚ್ಚು ಇಳಿಯಿತು ಎಂದು 2012ರಲ್ಲಿ ಬರೆದರು. ನ್ಯೂಜಿಲೆಂಡಿನಲ್ಲಿ 2006ರ ಪರೀಕ್ಷೆಯಲ್ಲಿ ಮಾಲೀಷು ಮಾಡಿಸಿಕೊಂಡವರಿಗೆ ನೋವು ಬರುವುದು ಕಡಿಮೆಯಾಯಿತು, ನಿದ್ರೆ ಸುಧಾರಿಸಿತು. ಇವೆಲ್ಲ ಸಣ್ಣ ಪರೀಕ್ಷೆಗಳು. ಆದ್ದರಿಂದ ಮಾಲೀಷು ಔಷಧಿಯ ಜೊತೆಗಿರಲಿ, ಔಷಧಿಯ ಬದಲಿಗೆ ಬೇಡ.

ಮಾಡುವುದು ಸುಲಭ. ಒಂದು ಚಹಾ ಚಮಚ ಕೊಬ್ಬರಿ ಎಣ್ಣೆಗೆ ಲ್ಯಾವೆಂಡರ್ ಎರಡೇ ಹನಿ. ಕುತ್ತಿಗೆ, ಭುಜ, ಕಪಾಲದ ಬದಿಗಳನ್ನು ಮೆಲ್ಲಗೆ ನೀವಿರಿ, ಕಣ್ಣಿಗೆ ತಾಗಿಸಬೇಡಿ. ಕೆಲವರಿಗೆ ಘಾಟು ವಾಸನೆಯೇ ತಲೆನೋವು ತರುತ್ತದೆ. ಅಂಥವರು ಬರೀ ಕೊಬ್ಬರಿ ಎಣ್ಣೆಯಲ್ಲೇ ನೀವಿಸಿಕೊಳ್ಳಲಿ. ಈ ಎಣ್ಣೆಗಳನ್ನು ಕುಡಿಯಲೇಬಾರದು. ಕರ್ಪೂರ, ನೀಲಗಿರಿ ಎಣ್ಣೆಗಳು ಫಿಟ್ಸ್ ತರಬಲ್ಲವು. ಮೂರ್ಛೆರೋಗದವರಿಗೆ, ಎಳೆಮಕ್ಕಳಿಗೆ ಬೇಡ. ಬಸುರಿಯರು ವೈದ್ಯರನ್ನು ಕೇಳದೆ ಹಚ್ಚಬಾರದು.

ಮಾತ್ರೆಯಲ್ಲಿಯೂ ಮಿತಿ ಬೇಕು. ತಿಂಗಳಿಗೆ 10–15 ದಿನ ನೋವಿನ ಮಾತ್ರೆ ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಹುಟ್ಟುತ್ತದೆ. ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದೊಡನೆ ಕುತ್ತಿಗೆ ಬಿಗಿಯುವುದು, ತಲೆಗೆ ಪೆಟ್ಟು: ಇವಿದ್ದರೆ ಎಣ್ಣೆ ಹಿಡಿದು ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಹಸಿವು, ನಿದ್ದೆಗೇಡು, ಬಿಸಿಲು ನೋವನ್ನು ಕೆರಳಿಸುತ್ತವೆ. ಗುಂಟೂರಿನ ಮೆಣಸಿನಕಾಯಿ ಹೊಲವಾಗಲಿ, ಕಾಫಿ ತೋಟವಾಗಲಿ, ಹೊತ್ತಿಗೆ ಊಟ, ಕುಡಿಯುವ ನೀರು, ಕೂರಲು ನೆರಳು ಕೇಳುವುದು ಭಿಕ್ಷೆಯಲ್ಲ. ಒಬ್ಬರೇ ಕೇಳಿದರೆ ಗದರುತ್ತಾರೆ, ಸೇರಿ ಕೇಳೋಣ.

ಸಮಾರ್ಯದವನು ಗಾಯಗೊಂಡವನಿಗೆ ಎಣ್ಣೆ ಹೊಯ್ದು ಅಷ್ಟಕ್ಕೇ ನಿಲ್ಲಲಿಲ್ಲ. ಛತ್ರಕ್ಕೆ ಒಯ್ದು ಆರೈಕೆಯ ಖರ್ಚನ್ನೂ ಕೊಟ್ಟ. ಆ ಅಕ್ಕನನ್ನು ನಾವು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಈಗ ವೈದ್ಯರ ಮಾತ್ರೆಯೂ ಇದೆ, ರಾತ್ರಿ ಮಗಳು ಕುತ್ತಿಗೆ ನೀವುವುದೂ ಇದೆ. ನೋವು ಪೂರ್ತಿ ಹೋಗಿಲ್ಲ. ಆದರೆ ಕಳೆದ ತಿಂಗಳು ತಪ್ಪಿದ್ದು ಒಂದೇ ದಿನದ ಕೂಲಿ. ನಿಮ್ಮ ಲೈನಿನಲ್ಲಿ ಯಾರಾದರೂ ಕತ್ತಲಲ್ಲಿ ಮಲಗಿದ್ದರೆ, ಸೋಮಾರಿ ಎನ್ನುವ ಮೊದಲು ಬಾಗಿಲು ತಟ್ಟಿ ಕೇಳಿರಿ.