ಲೇಖನಲೋಪ

ಬರೆಹವೆಂಬುದು ಕೈಯ ಕೆಲಸವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಕೈಯಲ್ಲಿ ಬಲವಿದ್ದೂ, ನಿನ್ನೆಯವರೆಗೆ ಸೊಗಸಾಗಿ ಕಾಗದ ಬರೆಯುತ್ತಿದ್ದವನು ಇಂದು ಒಂದು ಪದವನ್ನೂ ಬರೆಯಲಾರದೆ ಕೂರುವುದುಂಟು. ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡರೆ ಸಾಕು. ಲಂಡನ್ನಿನ ವೈದ್ಯ ಜಾನ್ ಓಗಲ್ ಎಂಬವರು 1867ರಲ್ಲಿ ಇದನ್ನು ‘ಅಗ್ರಾಫಿಯಾ’ ಎಂದು ಕರೆದರು, ನಾವು ಲೇಖನಲೋಪವೆನ್ನೋಣ.

ದೋಷವು ಕೈಯದೋ ಮಿದುಳಿನದೋ ಎಂದು ತಿಳಿಯಲು ರೋಗಿಯ ಮುಂದೆ ಅಕ್ಷರದ ಬಿಲ್ಲೆಗಳನ್ನಿಟ್ಟು, ಪದವನ್ನು ಜೋಡಿಸುವಂತೆ ಕೇಳುವುದುಂಟು. ಕೈಯಷ್ಟೇ ಸೋತಿದ್ದರೆ ಹೇಗೋ ಜೋಡಿಸುತ್ತಾನೆ. ಕಾಗುಣಿತವೇ ಕಳೆದುಹೋಗಿದ್ದರೆ ಬಿಲ್ಲೆಗಳೂ ನೆರವಾಗಲಾರವು. ಕಾಗುಣಿತ ಕೆಡುವುದರಲ್ಲಿಯೂ ಭೇದವಿದೆ. ಕೆಲವರು ಪದದ ರೂಢಿಯ ರೂಪವನ್ನು ಮರೆತು ಕಿವಿಗೆ ಕೇಳಿದಂತೆ ಬರೆಯುತ್ತಾರೆ. ಇಂಗ್ಲಿಷಿನ ‘ನೈಫ್’ ಎಂಬುದರ ಮೊದಲಿನ, ಉಚ್ಚಾರವಿಲ್ಲದ ‘ಕೆ’ಯನ್ನು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಬಲ್ಲ ಪದಗಳನ್ನು ಬರೆದಾರು, ಅರ್ಥವಿಲ್ಲದ ಹೊಸ ಶಬ್ದವನ್ನು ಬರೆಯಲಾರರು. ನುಡಿದಂತೆ ಬರೆಯುವುದೇ ಬಹುಮಟ್ಟಿಗೆ ವಿಧಿಯಾದ ಕನ್ನಡದಲ್ಲಿ ಮೊದಲ ಬಗೆಯ ದೋಷವು ಯಾರ ಕಣ್ಣಿಗೂ ಬೀಳದೆ ಅಡಗಿರಬಹುದು.

ಇಂತಹವರಿಗೆ ಬುದ್ಧಿಯೇ ಕೆಟ್ಟಿತೆಂದು ಮನೆಯವರು ಅವಸರದಿಂದ ನಿಶ್ಚಯಿಸುವುದು ಅನ್ಯಾಯವೆಂದು ನಮಗೆ ತೋರುತ್ತದೆ. ಪ್ಯಾರಿಸಿನ ವರ್ತಕನೊಬ್ಬನ ಸಂಗತಿಯನ್ನು ನೋಡಿರಿ. 1887ರ ಅಕ್ಟೋಬರಿನಲ್ಲಿ, ತನ್ನ 68ನೆಯ ವಯಸ್ಸಿನಲ್ಲಿ, ಆತನಿಗೆ ಓದುವುದು ಥಟ್ಟನೆ ನಿಂತುಹೋಯಿತು. ನೇತ್ರವೈದ್ಯ ಲಾಂಡೋಲ್ಟರು ಪರೀಕ್ಷಿಸಿ ಆತನನ್ನು ಡೆಜೆರೀನರಲ್ಲಿಗೆ ಕಳುಹಿಸಿದರು. ಮಾತು ಸರಿಯಾಗಿತ್ತು, ಲೆಕ್ಕವೂ ಸರಿಯಾಗಿತ್ತು. ಹೇಳಿದುದನ್ನು ಬರೆಯುತ್ತಿದ್ದನು, ಆದರೆ ತಾನೇ ಬರೆದುದನ್ನು ಮರಳಿ ಓದಲಾರನು! ಅಕ್ಷರವನ್ನು ಬೆರಳಿನಿಂದ ತಿದ್ದಿದರೆ ಗುರುತು ಹತ್ತುತ್ತಿತ್ತು. ಹೀಗೆಯೇ ನಾಲ್ಕು ವರ್ಷಗಳಿಗಿಂತ ಹೆಚ್ಚು ಕಾಲ ಬಾಳಿದನು. 1892ರ ಜನವರಿಯಲ್ಲಿ ಎರಡನೆಯ ಆಘಾತವಾಗಿ ಬರೆಹವೂ ಹೋಯಿತು, ಮಾತೂ ತಪ್ಪತೊಡಗಿತು. ಕೆಲವೇ ದಿನಗಳಲ್ಲಿ ತೀರಿಕೊಂಡನು.

ಮಿದುಳನ್ನು ತೆರೆದು ನೋಡಿದಾಗ ಎಡಬದಿಯಲ್ಲಿ ಎರಡು ಗಾಯಗಳಿದ್ದವು: ಹಿಂಭಾಗದಲ್ಲಿ ಹಳೆಯದು, ಕಿವಿಯ ಮೇಲಕ್ಕೆ ಸ್ವಲ್ಪ ಹಿಂದಿರುವ ಕೋನಾಕಾರದ ಮಡಿಕೆಯಲ್ಲಿ ಹೊಸದು. ಹಳೆಯದು ಕಣ್ಣಿನಿಂದ ಆ ಮಡಿಕೆಗೆ ಬರುವ ದಾರಿಯನ್ನು ಕಡಿದಿತ್ತು, ಹೊಸದು ಅಲ್ಲಿದ್ದ ಅಕ್ಷರಭಂಡಾರವನ್ನೇ ಹಾಳುಮಾಡಿತು ಎಂದು ಡೆಜೆರೀನರು ಅದೇ ವರ್ಷ ಪ್ರಕಟಿಸಿದರು. ಇಂದಿನ ವೈದ್ಯರು ಭಂಡಾರವು ಒಂದೇ ಎಡೆಯಲ್ಲಿದೆಯೆನ್ನರು. ಬರೆಹಕ್ಕೆ ಮಿದುಳಿನ ಮುಂಭಾಗವೂ ಬೇಕೆನ್ನುತ್ತಾರೆ.

ಹೋದುದೆಲ್ಲವೂ ಹೋಗಿಯೇಬಿಟ್ಟಿತೆಂದಲ್ಲ. ತನ್ನ ಹೆಸರು, ಮನೆಯವರ ಹೆಸರು, ಊರು, ಇಂತಹ ಕೆಲವೇ ಪದಗಳನ್ನು ಮೊದಲು ನೋಡಿ ಬರೆಯಿಸಿ, ಅನಂತರ ಮರೆಮಾಡಿ ನೆನಪಿನಿಂದ ಬರೆಯಿಸಿ, ದಿನವೂ ಅಭ್ಯಾಸ ಮಾಡಿಸಿದರೆ, ಕೆಲವರಲ್ಲಿ ಆ ಪದಗಳಾದರೂ ಕೈಗೆ ಮರಳುತ್ತವೆ.